ಕೋಲ್ಡ್ ರೂಮ್ ಕಂಪ್ರೆಸರ್ ಬದಲಿಸುವುದಕ್ಕೆ ಎಷ್ಟು ರೇಟ್ ಹೇಳಬೇಕು?
ಬೇಕರಿಯ ಕೋಲ್ಡ್ ರೂಮ್ ಕಂಪ್ರೆಸರ್ ಹೋಗಿದೆ, ಕೊಟೇಶನ್ ಹೇಗೆ ಹಾಕಲಿ ಎಂದು ಕೇಳಿದ್ದೀರಿ. ಕಂಪ್ರೆಸರ್ ಬೆಲೆಗೆ ಕೂಲಿ ಸೇರಿಸಿ ಫೋನಿನಲ್ಲೇ ಒಂದು ಮೊತ್ತ ಹೇಳಬೇಡಿ. ಹಳೆಯದು ಹೇಗೆ ಹಾಳಾಯಿತು ಎಂದು ನೋಡಿದ ಮೇಲೆ ರೇಟ್ ಹೇಳಿ.

ಯಾಕೆಂದರೆ, ಒಳಗಿನ ಮೋಟಾರ್ ವೈಂಡಿಂಗ್ (ತಂತಿಯ ಸುತ್ತು) ಸುಟ್ಟಿದ್ದರೆ ಆ ಬಿಸಿಗೆ ಎಣ್ಣೆ, ಗ್ಯಾಸ್ ಎರಡೂ ಕೆಟ್ಟು ಆಸಿಡ್ ಹುಟ್ಟುತ್ತದೆ. ಕಂಪ್ರೆಸರ್ ಬಿಚ್ಚಿದರೂ ಅದು ಪೈಪಿನಲ್ಲೇ ಉಳಿಯುತ್ತದೆ. ಸುಮ್ನೆ ಹೊಸದನ್ನು ಕೂರಿಸಿದರೆ ಆ ಆಸಿಡ್ ಅದರ ವೈಂಡಿಂಗನ್ನೂ ತಿನ್ನುತ್ತದೆ. ಹಳೆಯ ಎಣ್ಣೆಯ ಒಂದೆರಡು ಹನಿ ಬಿಳಿ ಬಟ್ಟೆಯ ಮೇಲೆ ಬಿಟ್ಟು ನೋಡಿ. ಕೈಗೆ ಗ್ಲೌಸ್ ಇರಲಿ, ಆಸಿಡ್ ಅಲ್ವಾ! ಎಣ್ಣೆ ಕಪ್ಪಗಿದ್ದು ಸುಟ್ಟ ವಾಸನೆ ಬಂದರೆ ಕೆಲಸ ದೊಡ್ಡದು. ಲೈನ್ ತೊಳೆಯಬೇಕು, ಸಕ್ಷನ್ ಲೈನಿಗೆ (ಕಂಪ್ರೆಸರಿಗೆ ಗ್ಯಾಸ್ ವಾಪಸ್ ಬರುವ ಪೈಪಿಗೆ) ಆಸಿಡ್ ಹೀರುವ ಡ್ರೈಯರ್ ಎಂಬ ಫಿಲ್ಟರ್ ಹಾಕಬೇಕು, ಕೆಲವು ದಿನ ಬಿಟ್ಟು ಅದನ್ನು ತೆಗೆಯಲು ಮತ್ತೆ ಬರಬೇಕು. ಆ ಎರಡನೇ ಓಡಾಟವನ್ನು ಲೆಕ್ಕಕ್ಕೆ ಹಿಡಿಯಲು ಎಷ್ಟೋ ಜನ ಮರೆಯುತ್ತಾರೆ.

ಲಿಕ್ವಿಡ್ ಲೈನ್ ಡ್ರೈಯರ್, ನೈಟ್ರೋಜನ್, ಗ್ಯಾಸ್ ಹೇಗೂ ಬೇಕು. ಪೈಪಿನೊಳಗಿನ ಗಾಳಿ, ತೇವ ತೆಗೆಯಲು ವ್ಯಾಕ್ಯೂಮ್ (ಒಳಗಿನ ಒತ್ತಡದ ಅಳತೆ) 500 ಮೈಕ್ರಾನ್‌ಗೆ ಇಳಿಯುವವರೆಗೂ ಪಂಪ್ ಓಡಲಿ. ಆರ್-404ಎ ಗ್ಯಾಸಿನ ಜೊತೆ ಬಳಸುವ ಪಿಒಇ ಎಂಬ ಸಿಂಥೆಟಿಕ್ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಇಲ್ಲಿ ಅವಸರ ಬೇಡ. ಆ ಹೊತ್ತಿಗೂ ಕೂಲಿ ಹಾಕಿ.

ವಾರಂಟಿಯಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಮಾತ್ರ ಸಿಗುತ್ತದೆ. ಹೊಸದೂ ಹಾಳಾದರೆ ಎರಡನೇ ಸಲದ ಗ್ಯಾಸ್, ಕೂಲಿ ನಿಮ್ಮ ಜೇಬಿನಿಂದಲೇ. ಹಾಗಾಗಿ ಹೊಸದನ್ನೂ ಕೆಡಿಸಬಹುದಾದ ಕಡಿಮೆ ವೋಲ್ಟೇಜ್, ಸವೆದ ಕಾಂಟ್ಯಾಕ್ಟರ್ (ಕಂಪ್ರೆಸರಿಗೆ ಕರೆಂಟ್ ಕೊಡುವ ಸ್ವಿಚ್), ಮೈದಾ ಧೂಳು ಮೆತ್ತಿದ ಕಂಡೆನ್ಸರ್ (ಬಿಸಿ ಹೊರಹಾಕುವ ಕಾಯಿಲ್) ಕಂಡರೆ ಅವುಗಳ ರಿಪೇರಿಯನ್ನೂ ಕೊಟೇಶನ್ನಿನಲ್ಲಿ ಬೇರೆ ಸಾಲಾಗಿ ಬರೆಯಿರಿ.