2004ರ ಆಕ್ಸೆಂಟ್‌ನ ಹಿಂದಿನ ಸ್ಟ್ರಟ್ ಮನೆಯಂಗಳದಲ್ಲೇ ಬದಲಿಸಬಹುದೇ?

ಕಾಸರಗೋಡಿನ ಬದಿಯಡ್ಕ ಕಡೆಯ ಒಳರಸ್ತೆಯಲ್ಲಿ ಹೊಂಡ ದಾಟುವಾಗ 2004ರ ಹ್ಯುಂಡೈ ಆಕ್ಸೆಂಟ್‌ನ ಹಿಂಭಾಗ ತೊಟ್ಟಿಲಿನ ಹಾಗೆ ತೂಗುತ್ತದೆ, ಬಲಗಡೆ ‘ಟಕ್’ ಅನ್ನುತ್ತದೆ, ಸ್ಟ್ರಟ್ (ಕುಲುಕಾಟ ತಡೆಯುವ, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್) ನಾನೇ ಬಿಚ್ಚಬಹುದಾ ಎಂದು ಕೇಳಿದ್ದೀರಿ. ಬಿಚ್ಚಬಹುದು, ಒಂದು ಹಂತ ಬಿಟ್ಟು. ಈ ಕಾರಿನಲ್ಲಿ ಸ್ಪ್ರಿಂಗ್ ಸ್ಟ್ರಟ್‌ನ ಸುತ್ತಲೇ ಇರುತ್ತದೆ. ಅದನ್ನು ಅದುಮುವ ಗಟ್ಟಿ ಕಂಪ್ರೆಸರ್ ಕೈಯಲ್ಲಿ ಇಲ್ಲದಿದ್ದರೆ ಸ್ಪ್ರಿಂಗ್ ಸಮೇತ ಸ್ಟ್ರಟ್ ಇಳಿಸಿ ವರ್ಕ್‌ಶಾಪಿಗೆ ಒಯ್ಯಿರಿ, ಹೊಸದಕ್ಕೆ ಕೂರಿಸಿಕೊಂಡು ಬನ್ನಿ. ಉಳಿದದ್ದೆಲ್ಲ ಮನೆಯ ಕೆಲಸವೇ.

ಸಾಮಾನು ತರುವ ಮೊದಲು ಆ ‘ಟಕ್’ ಎಲ್ಲಿಂದ ಅಂತ ನೋಡಿ. ಒಬ್ಬರು ಹಿಂಭಾಗವನ್ನು ಒತ್ತಿ ಬಿಡುತ್ತಿರಲಿ, ನೀವು ಡಿಕ್ಕಿಯ ಒಳಗಿಂದ ಸ್ಟ್ರಟ್‌ನ ತಲೆಯ ಹತ್ತಿರ ಕೈ ಇಟ್ಟಿರಿ. ಬಡಿತ ಕೈಗೆ ತಾಗಿದರೆ ಮೇಲಿನ ಮೌಂಟ್‌ನ (ಸ್ಟ್ರಟ್‌ನ ತಲೆಯನ್ನು ಕಾರಿಗೆ ಹಿಡಿಸುವ ಭಾಗ) ರಬ್ಬರ್ ಹೋಗಿದೆ. ಕೆಳಗಿನಿಂದ ಬಂದರೆ ಸ್ಟೆಬಿಲೈಸರ್ ಲಿಂಕ್ (ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಸರಳಿನ ಕೊಂಡಿ) ಅಥವಾ ರಬ್ಬರ್ ಬುಷ್ ನೋಡಿ. ಸ್ಟ್ರಟ್‌ನ ಮೈಮೇಲೆ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಪರವಾಗಿಲ್ಲ. ಧೂಳು ಮೆತ್ತಿ ಕೆಸರಿನಂತಾಗಿದ್ದರೆ, ತೊಟ್ಟಿಕ್ಕುತ್ತಿದ್ದರೆ ಅದರ ಆಯಸ್ಸು ಮುಗಿಯಿತು.

ಎರಡೂ ಬದಿಗೆ ತನ್ನಿ: ಸ್ಟ್ರಟ್ 2, ಟಾಪ್ ಮೌಂಟ್ 2, ಬಂಪ್ ಸ್ಟಾಪ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) 2, ಡಸ್ಟ್ ಬೂಟ್ (ಧೂಳು ತಡೆಯುವ ಹೊದಿಕೆ) 2, ಹೊಸ ಲಾಕ್ ನಟ್ 2. ಒಂದೇ ಬದಿ ಬದಲಿಸಿದರೆ ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಕಾರು ಎರಡು ಥರ ಕೂರುತ್ತದೆ. ಸ್ಪ್ರಿಂಗ್ ಹಳೆಯದೇ ಸಾಕು, ಆದರೆ ಕೊನೆಯ ಸುತ್ತನ್ನು ಬೆರಳಾಡಿಸಿ ನೋಡಿ. ಕಡಲ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ ಎರಡೂ ಸೇರುವ ನಮ್ಮಲ್ಲಿ ತುಕ್ಕು ಹಿಡಿದು ತುಂಡಾಗುವುದು ಅಲ್ಲೇ.

ಹಿಂದಿನ ದಿನ ಸಂಜೆಯೇ ಕೆಳಗಿನ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಆದ್ದರಿಂದ ಹಿಂಭಾಗ ಎತ್ತಿದ ಮೇಲೆ ಅದನ್ನು ನಂಬಬೇಡಿ. ಗೇರಿಗೆ ಹಾಕಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕೊಡಿ. ಚಕ್ರದ ನಟ್‌ಗಳನ್ನು (21 ಎಂಎಂ) ನೆಲದಲ್ಲಿದ್ದಾಗಲೇ ಸಡಿಲಿಸಿ. ಅಡಕೆ ಹಾಕುವ ಅಂಗಳದ ಮಣ್ಣಿನಲ್ಲಿ ಜ್ಯಾಕ್ ಹೂತುಹೋಗುತ್ತದೆ, ಅಡಿಗೆ ದಪ್ಪ ಹಲಗೆ ಇಡಿ. ಸ್ಟ್ಯಾಂಡ್ ಇಲ್ಲವೆಂದು ಮುರಕಲ್ಲು ಪೇರಿಸಿ ಕಾರು ನಿಲ್ಲಿಸುವುದು ಮಾತ್ರ ಬೇಡವೇ ಬೇಡ. ಮನೆ ಕಟ್ಟಲು ಒಳ್ಳೆಯ ಕಲ್ಲು, ಆದರೆ ಒಂದೇ ಕಡೆ ಭಾರ ಬಿದ್ದರೆ ಹೇಳದೆ ಕೇಳದೆ ಸೀಳುತ್ತದೆ. ಎರಡೂ ಬದಿಗೆ ಕಬ್ಬಿಣದ ಸ್ಟ್ಯಾಂಡ್ ಕೊಟ್ಟು ಎತ್ತಿ. ಆಗ ಸ್ಟೆಬಿಲೈಸರ್ ಬಾರ್ ತಿರುಚಿಕೊಂಡು ಎಳೆಯುವುದಿಲ್ಲ. ಬಿಚ್ಚುವುದು ಮಾತ್ರ ಒಂದೊಂದೇ ಬದಿ, ಇನ್ನೊಂದು ನೋಡಿಕೊಳ್ಳಲು ಇರಲಿ.

ಬ್ರೇಕ್ ಹೋಸ್ (ಬ್ರೇಕ್ ಎಣ್ಣೆಯ ರಬ್ಬರ್ ಪೈಪ್) ಸ್ಟ್ರಟ್‌ಗೆ ಸಿಕ್ಕಿಸಿದ್ದರೆ ಮೊದಲು ಬಿಡಿಸಿ. ಹಬ್‌ನ (ಚಕ್ರ ಕೂರುವ ಭಾಗ) ಅಡಿಗೆ ಇನ್ನೊಂದು ಜ್ಯಾಕ್ ಕೊಡಿ, ಇಲ್ಲದಿದ್ದರೆ ಸ್ಟ್ರಟ್ ಬಿಟ್ಟ ಕೂಡಲೇ ಹಬ್ ಜೋತು ಹೋಸ್ ಎಳೆಯುತ್ತದೆ. ಕೆಳಗಿನ ಬೋಲ್ಟ್‌ನ ತಲೆ ಹಿಡಿದು ನಟ್ ತಿರುಗಿಸಿ. ಬೋಲ್ಟ್ ಹೊರಬಾರದಿದ್ದರೆ ನಟ್ ತುದಿಯವರೆಗೆ ಹಾಕಿಯೇ ಸುತ್ತಿಗೆಯಿಂದ ಬಡಿಯಿರಿ, ಹೀಗಾದರೆ ಬೋಲ್ಟ್‌ನ ಮರೆ (ಥ್ರೆಡ್) ಹಾಳಾಗದು. ಮೇಲೆ ಬಿಚ್ಚಬೇಕಾದದ್ದು ಮೌಂಟ್ ಅನ್ನು ಕಾರಿನ ಮೈಗೆ ಹಿಡಿದಿರುವ ಅಂಚಿನ ನಟ್‌ಗಳನ್ನು ಮಾತ್ರ. ನಡುವಿನ ದೊಡ್ಡ ನಟ್ ಮುಟ್ಟಬೇಡಿ. ಸ್ಪ್ರಿಂಗ್‌ನ ಅಷ್ಟೂ ಬಲವನ್ನು ತಡೆದಿರುವುದು ಅದೊಂದೇ.

ಕಂಪ್ರೆಸರ್ ಇದೆಯೆಂದಾದರೆ: ಬಿಚ್ಚುವ ಮೊದಲು ಮೌಂಟ್, ಸ್ಪ್ರಿಂಗ್, ಕೆಳಗಿನ ಬ್ರಾಕೆಟ್ ಮೂರಕ್ಕೂ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಿ. ಎರಡು ಕೊಕ್ಕೆಗಳು ಎದುರುಬದುರಾಗಿರಲಿ, ಆಚೆ ಅರ್ಧ ಸುತ್ತು, ಈಚೆ ಅರ್ಧ ಸುತ್ತು, ಕೈಯಿಂದಲೇ. ಏರ್ ಗನ್ ಬೇಡ. ಸ್ಪ್ರಿಂಗ್ ತಾನು ಕೂರುವ ತಟ್ಟೆಯ (ಸೀಟ್) ಮೇಲೆ ಸಡಿಲವಾಗಿ ಅಲುಗಾಡಿದ ಮೇಲಷ್ಟೇ ನಡುವಿನ ನಟ್. ಸ್ಪ್ರಿಂಗ್‌ನ ನೇರಕ್ಕೆ ಮುಖ ಇಡಬೇಡಿ.

ಹೊಸ ಸ್ಟ್ರಟ್ ಪೆಟ್ಟಿಗೆಯಲ್ಲಿ ಮಲಗಿಯೇ ಬಂದಿರುತ್ತದೆ, ಒಳಗಿನ ಎಣ್ಣೆಯಲ್ಲಿ ಗಾಳಿ ಸೇರಿರುತ್ತದೆ. ನೆಟ್ಟಗೆ ನಿಲ್ಲಿಸಿ ರಾಡನ್ನು ಪೂರ್ತಿ ಒತ್ತಿ, ಪೂರ್ತಿ ಎಳೆದು, ನಾಲ್ಕೈದು ಸಲ ನಿಧಾನಕ್ಕೆ ಮಾಡಿ. ನಡುವೆ ‘ಬುಳಕ್’ ಅಂತ ಖಾಲಿ ಜಾರುವುದು ನಿಲ್ಲಬೇಕು. ನಟ್ ಬಿಗಿಯುವಾಗ ರಾಡನ್ನು ಇಕ್ಕಳದಲ್ಲಿ ಹಿಡಿಯುವವರಿದ್ದಾರೆ. ಆ ಹೊಳಪಿನ ಮೇಲೆ ಒಂದು ಗೀರು ಬಿದ್ದರೂ ಸೀಲ್ ಹರಿದು ಹೊಸದೂ ಸೋರುತ್ತದೆ. ಹಿಡಿಯಲು ರಾಡ್‌ನ ತುದಿಯಲ್ಲೇ ಜಾಗ ಇದೆ. ಸ್ಪ್ರಿಂಗ್‌ನ ತುದಿ ಸೀಟಿನ ಮೆಟ್ಟಿಲಿಗೆ ತಾಗಿ ಕೂತಿದೆಯೇ ನೋಡಿಯೇ ಕಂಪ್ರೆಸರ್ ಬಿಡಿ.

ಜೋಡಿಸುವಾಗ ಎಲ್ಲವನ್ನೂ ಮೊದಲು ಕೈಬಿಗಿ ಮಾಡಿ. ರಬ್ಬರ್ ಬುಷ್ ಇರುವ ಯಾವ ಬೋಲ್ಟ್ ಸಡಿಲಿಸಿದ್ದರೂ ಕೊನೆಯ ಬಿಗಿ ಕಾರು ಚಕ್ರದ ಮೇಲೆ ನಿಂತ ಮೇಲೆ. ತೂಗಾಡುತ್ತಿರುವಾಗಲೇ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಚಕ್ರದ ನಟ್‌ಗೆ 90ರಿಂದ 110 ನ್ಯೂಟನ್ ಮೀಟರ್, ಉಳಿದವಕ್ಕೆ ಸರ್ವಿಸ್ ಮ್ಯಾನ್ಯುಯಲ್‌ನ ಅಂಕಿ. ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಎಲ್ಲ ಬಿಗಿ ನೋಡಿ, ಅಲೈನ್‌ಮೆಂಟ್ ಮಾಡಿಸುವಾಗ ಹಿಂದಿನ ಚಕ್ರದ ಟೋ (ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೂಡ ನೋಡಲು ಹೇಳಿ. ಕೇಳದಿದ್ದರೆ ಮುಂದಿನದ್ದು ಮಾತ್ರ ಮಾಡಿ ಕಳಿಸುವವರೇ ಹೆಚ್ಚು.