ಹುಡುಕಾಟದ ಹೊತ್ತಿನ ಸುದ್ದಿ, ಶಂಕಿತನ ಹಕ್ಕು

ಪ್ರಶ್ನೆ: 2013ರ ಬಾಸ್ಟನ್ ಮ್ಯಾರಥಾನ್ ಬಾಂಬ್ ದಾಳಿಯ ಶಂಕಿತರ ಚಿತ್ರಗಳನ್ನು ಅಮೆರಿಕದ ತನಿಖಾ ಸಂಸ್ಥೆಯೇ ಬಿಡುಗಡೆ ಮಾಡಿತ್ತು. ಹಾಗಿರುವಾಗ ಮಾಧ್ಯಮಗಳು ತಮಗೆ ಸಿಕ್ಕಿದ್ದನ್ನು ಪ್ರಕಟಿಸಿದರೆ ತಪ್ಪೇನು? ಜಗತ್ತೇ ಕಂಡ ಅಪರಾಧದಲ್ಲಿ ಸಿಕ್ಕಿಬಿದ್ದವನಿಗೆ ವಕೀಲರು, ಹಕ್ಕು ಎಂಬ ಉಪಚಾರ ಏಕೆ?

ಉತ್ತರ: ಮೊದಲು ದಿನಾಂಕಗಳನ್ನು ಗಮನಿಸಬೇಕು. ಸ್ಫೋಟ ನಡೆದು ಮೂವರು ಸತ್ತದ್ದು ಏಪ್ರಿಲ್ 15ರಂದು. 17ರ ಮಧ್ಯಾಹ್ನ ಕೆಲವು ಪ್ರಮುಖ ಸುದ್ದಿಸಂಸ್ಥೆಗಳು ಒಬ್ಬನ ಬಂಧನವಾಗಿದೆ ಎಂದು ಸಾರಿದವು. ಯಾರ ಬಂಧನವೂ ಆಗಿಲ್ಲವೆಂದು ಆ ತನಿಖಾ ಸಂಸ್ಥೆಯಾದ ಎಫ್‌ಬಿಐ ಸ್ಪಷ್ಟನೆ ನೀಡಬೇಕಾಯಿತು. 18ರ ಬೆಳಿಗ್ಗೆ ನ್ಯೂಯಾರ್ಕ್ ಪೋಸ್ಟ್ ತನ್ನ ಮುಖಪುಟದಲ್ಲಿ, ಚೀಲ ಹೊತ್ತು ಓಟ ನೋಡುತ್ತಿದ್ದ ಇಬ್ಬರು ಯುವಕರ ಚಿತ್ರವನ್ನು ಅಧಿಕಾರಿಗಳು ಹುಡುಕುತ್ತಿರುವವರು ಇವರೇ ಎಂಬಂತೆ ಅಚ್ಚುಹಾಕಿತು. ಅವರಲ್ಲೊಬ್ಬ ಓಟದಲ್ಲಿ ಆಸಕ್ತಿಯಿದ್ದ ಹದಿಹರೆಯದ ಶಾಲಾ ಬಾಲಕ. ಇಬ್ಬರಿಗೂ ಘಟನೆಯೊಂದಿಗೆ ಯಾವ ಸಂಬಂಧವೂ ಇರಲಿಲ್ಲ. ‘ಅವರನ್ನು ಶಂಕಿತರೆಂದು ನಾವು ಬರೆದಿಲ್ಲ’ ಎಂಬುದು ಪತ್ರಿಕೆಯ ಸಮರ್ಥನೆಯಾಗಿತ್ತು. ಅಕ್ಷರಶಃ ಅದು ನಿಜವಿರಬಹುದು, ಆದರೆ ಅಂಥ ಚಿತ್ರದ ಮೇಲೆ ಅಂಥ ತಲೆಬರಹ ಕೂತ ಮೇಲೆ ಓದುಗನಿಗೆ ಆ ಪದದ ಅಗತ್ಯವೇ ಬೀಳುವುದಿಲ್ಲ. ಯುವಕರು ಮಾನನಷ್ಟ ಮೊಕದ್ದಮೆ ಹೂಡಿದರು. ಅದು 2014ರಲ್ಲಿ ರಾಜಿಯಲ್ಲಿ ಮುಗಿಯಿತು.

ನೀವು ಹೇಳುವ ಅಧಿಕೃತ ಬಿಡುಗಡೆ ನಡೆದದ್ದು ಇಷ್ಟೆಲ್ಲ ಆದ ಮೇಲೆ, 18ರ ಸಂಜೆ. ಸಾರ್ವಜನಿಕರು ಈ ಚಿತ್ರಗಳನ್ನು ಮಾತ್ರ ನೆಚ್ಚಬೇಕು, ಉಳಿದವು ಅನಗತ್ಯವಾಗಿ ಗಮನವನ್ನು ಬೇರೆಡೆಗೆ ಸೆಳೆಯುತ್ತವೆ ಎಂದು ಅಧಿಕಾರಿಗಳು ಅಲ್ಲಿಯೇ ಹೇಳಿದರು. ಅಂದರೆ ಆ ಬಿಡುಗಡೆಯು ಉಳಿದವರಿಗೆ ಕೊಟ್ಟ ಪರವಾನಗಿಯಾಗಿರಲಿಲ್ಲ. ಆಗಲೇ ಹಬ್ಬಿದ್ದ ಊಹೆಗಳಿಗೆ ತಡೆಯೂ ಆಗಿತ್ತು. ತನಿಖಾ ಸಂಸ್ಥೆ ಚಿತ್ರ ಕೊಡುವುದು ‘ಇವರನ್ನು ಗುರುತಿಸಲು ನೆರವಾಗಿ’ ಎಂಬ ಕೋರಿಕೆಯೊಂದಿಗೆ. ಅದರಲ್ಲಿ ತೀರ್ಪು ಇರುವುದಿಲ್ಲ. (ಕನ್ನಡದ ನಾವೂ ಇಲ್ಲಿ ನಿರ್ದೋಷಿಗಳಲ್ಲ. ನಿನ್ನೆಯವರೆಗೆ ಬಹುವಚನದಲ್ಲಿದ್ದ ವ್ಯಕ್ತಿ ಶಂಕೆಗೆ ಒಳಗಾದ ಕೂಡಲೇ ನಮ್ಮ ತಲೆಬರಹಗಳಲ್ಲಿ ಏಕವಚನಕ್ಕೆ ಇಳಿಯುತ್ತಾನೆ. ನಿಮ್ಮ ಪ್ರಶ್ನೆಯಂತೆ ನನ್ನ ಉತ್ತರವೂ ಅದನ್ನೇ ಮಾಡುತ್ತಿದೆ.)

ಮಾಧ್ಯಮಗಳಿಂದ ಹುಡುಕಾಟಕ್ಕೇ ತೊಡಕಾಗುವ ಸಂಭವವೂ ಉಂಟು. 19ರಂದು ಬಾಸ್ಟನ್ ಬಳಿಯ ವಾಟರ್‌ಟೌನ್‌ನಲ್ಲಿ ಪೊಲೀಸರು ಮನೆಮನೆ ಶೋಧಿಸುತ್ತಿದ್ದಾಗ, ಸಿಬ್ಬಂದಿ ಎಲ್ಲೆಲ್ಲಿ ನಿಂತಿದ್ದಾರೆಂಬುದನ್ನು ಪ್ರಸಾರ ಮಾಡಬೇಡಿ ಎಂದು ಬಾಸ್ಟನ್ ಪೊಲೀಸರು ವಿನಂತಿಸಿದ್ದರು. ತಲೆಮರೆಸಿಕೊಂಡವನ ಕೈಯಲ್ಲೂ ಫೋನ್ ಇರಬಹುದಲ್ಲವೇ?

ಇನ್ನು ಹಕ್ಕಿನ ವಿಚಾರ. ಶಂಕಿತರಿಬ್ಬರೂ ಸಹೋದರರು. ಅಣ್ಣ ತಾಮರ್ಲಾನ್ ಸಾರ್ನಾಯೆವ್ ಪೊಲೀಸರೊಂದಿಗಿನ ಘರ್ಷಣೆಯಲ್ಲಿ ಸತ್ತ. ಹಿತ್ತಲಿನ ದೋಣಿಯೊಂದರಲ್ಲಿ ಅಡಗಿದ್ದ ತಮ್ಮ ಜೋಖರ್ ಗಾಯಗೊಂಡು 19ರ ಸಂಜೆ ಸೆರೆಸಿಕ್ಕ. ಮೌನವಾಗಿರುವ ಹಕ್ಕು, ವಕೀಲರ ನೆರವು ಪಡೆಯುವ ಹಕ್ಕುಗಳನ್ನು ತಿಳಿಸದೆಯೇ ಆಸ್ಪತ್ರೆಯಲ್ಲಿ ಅವನನ್ನು ಪ್ರಶ್ನಿಸಲಾಯಿತು. ಇದಕ್ಕೆ ಆಧಾರ 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಿದ ಸಾರ್ವಜನಿಕ ಸುರಕ್ಷತೆಯ ವಿನಾಯಿತಿ. ಅಂಗಡಿಯೊಳಗೆ ಬಂದೂಕು ಬಚ್ಚಿಟ್ಟವನನ್ನು ‘ಬಂದೂಕು ಎಲ್ಲಿದೆ’ ಎಂದು ಮೊದಲು ಕೇಳಬಹುದು ಎಂಬುದು ಅದರ ತಿರುಳು. ಬೇರೆ ಬಾಂಬ್‌ಗಳಿವೆಯೇ ಎಂದು ಕೇಳುವವರೆಗೆ ಅದು ಸಮಂಜಸವೆಂದೇ ನನ್ನ ಅಭಿಪ್ರಾಯ. ಅದನ್ನು ದಾಟಿ ಇಡೀ ವಿಚಾರಣೆಗೆ ವಿನಾಯಿತಿಯನ್ನು ಎಳೆದರೆ ನಿಯಮವೇ ಉಳಿಯುವುದಿಲ್ಲ. ಅವನನ್ನು ಶತ್ರು ಯೋಧನೆಂದು, ಅಂದರೆ ಸಾಮಾನ್ಯ ಆರೋಪಿಯ ಹಕ್ಕುಗಳಿಲ್ಲದ ಯುದ್ಧಬಂದಿಯಂತೆ, ಪರಿಗಣಿಸಬೇಕೆಂದು ಕೆಲವು ಸೆನೆಟರ್‌ಗಳು ಒತ್ತಾಯಿಸಿದರೂ ಸರ್ಕಾರ ಒಪ್ಪಲಿಲ್ಲ. 22ರಂದು ಮ್ಯಾಜಿಸ್ಟ್ರೇಟ್ ಆಸ್ಪತ್ರೆಯ ಹಾಸಿಗೆಯ ಬಳಿಗೇ ಬಂದು ಹಕ್ಕುಗಳನ್ನು ವಿವರಿಸಿದರು.

ಇದನ್ನು ಉಪಚಾರ ಎನ್ನುವುದು ಸರಿಯಲ್ಲ. ಮುಂದೆ ವಿಚಾರಣೆಯಲ್ಲಿ ಅವನ ವಕೀಲೆಯೇ ಕೃತ್ಯವನ್ನು ಅಲ್ಲಗಳೆಯಲಿಲ್ಲ. ವಾದವೆಲ್ಲ ಅವನ ಪಾತ್ರ ಎಷ್ಟು, ಶಿಕ್ಷೆ ಯಾವುದು ಎಂಬುದರ ಸುತ್ತ ನಡೆಯಿತು. ಎಲ್ಲರೂ ‘ಕಂಡ’ ಅಪರಾಧದಲ್ಲಿಯೂ ಹೀಗೆ ಯಾರಿಗೂ ಕಾಣದ ಭಾಗ ಇರುತ್ತದೆ. 2015ರಲ್ಲಿ ಜ್ಯೂರಿ (ತೀರ್ಪು ನೀಡಲು ಆಯ್ದ ಸಾಮಾನ್ಯ ನಾಗರಿಕರ ಮಂಡಳಿ) ಮರಣದಂಡನೆ ವಿಧಿಸಿತು. ಆದರೆ ಮಾಧ್ಯಮಗಳಲ್ಲಿ ಜ್ಯೂರಿ ಸದಸ್ಯರು ಏನೇನು ನೋಡಿದ್ದರು, ಓದಿದ್ದರು ಎಂದು ಸರಿಯಾಗಿ ವಿಚಾರಿಸಿಲ್ಲವೆಂಬ ಕಾರಣವನ್ನೂ ನೀಡಿ 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು. 2022ರಲ್ಲಿ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಶಿಕ್ಷೆಯನ್ನು ಮರುಸ್ಥಾಪಿಸಿತು. ಅಲ್ಲಿಗೂ ಮುಗಿಯಲಿಲ್ಲ. ಸೆರೆಯ ದಿನ ಅವನನ್ನು ಕಸವೆಂದು ಜರೆದ ಟ್ವೀಟನ್ನು ಹಂಚಿಕೊಂಡವರೊಬ್ಬರು ಮುಂದೆ ಜ್ಯೂರಿಯಲ್ಲಿ ಕುಳಿತಿದ್ದರೆಂಬ ತಕರಾರು ಉಳಿದೇ ಇತ್ತು. ದಾಳಿ ನಡೆದು ಹನ್ನೊಂದು ವರ್ಷಗಳಾಗುತ್ತಿದ್ದ 2024ರ ಮಾರ್ಚ್‌ನಲ್ಲಿ, ಅಂಥ ಪಕ್ಷಪಾತದ ದೂರುಗಳನ್ನು ಮತ್ತೆ ಪರಿಶೀಲಿಸುವಂತೆ ಮೇಲ್ಮನವಿ ನ್ಯಾಯಾಲಯ ಕೆಳ ನ್ಯಾಯಾಲಯಕ್ಕೆ ಆದೇಶಿಸಿತು.