ಪ್ರತಿಕ್ರಿಯೆ: ನಾಲ್ಕಂಕಿಯ ಗತಪ್ರತ್ಯಾಗತ ಅವಿಭಾಜ್ಯ ಏಕಿಲ್ಲ?

ನಮಸ್ಕಾರ. 'ವಿಕಟಕವಿ' ಪದದಂತೆ ಎರಡೂ ಕಡೆಯಿಂದ ಒಂದೇ ಆಗಿ ಓದಿಸಿಕೊಳ್ಳುವ, ಅಂದರೆ ಗತಪ್ರತ್ಯಾಗತವಾದ, ಅವಿಭಾಜ್ಯ ಸಂಖ್ಯೆಗಳಲ್ಲಿ 101, 131, 151 ಸಿಕ್ಕರೂ ನಾಲ್ಕಂಕಿಯದು ಒಂದೂ ಸಿಗಲಿಲ್ಲವೆಂದೂ, ಬೆಲ್ಫೆಗಾರ್ ಸಂಖ್ಯೆ ಎಂಬ 31 ಅಂಕಿಯ ಗತಪ್ರತ್ಯಾಗತವನ್ನು ಅವಿಭಾಜ್ಯವೆಂದು ಹೇಗೆ ನಂಬುವುದೆಂದೂ ಶಿರಸಿಯಿಂದ ಕೇಳಿದ್ದೀರಿ.

ಮೊದಲನೆಯದು ಸುಲಭ. ಸಾವಿರದ ಮತ್ತು ಬಿಡಿಯ ಸ್ಥಾನದಲ್ಲಿ ಕ, ನಡುವಿನ ಎರಡರಲ್ಲಿ ಗ ಇದ್ದರೆ ಸಂಖ್ಯೆಯ ಬೆಲೆ 1001ಕ + 110ಗ; 1001 ಮತ್ತು 110 ಎರಡೂ 11ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಇಡೀ ಸಂಖ್ಯೆಯೂ ಭಾಗವಾಗುತ್ತದೆ. ಸಮಸಂಖ್ಯೆಯಷ್ಟು ಅಂಕಿಗಳುಳ್ಳ ಎಲ್ಲ ಗತಪ್ರತ್ಯಾಗತಗಳಿಗೂ ಇದೇ ಗತಿ. ತಪ್ಪಿಸಿಕೊಂಡದ್ದು 11 ಮಾತ್ರ. ನಮ್ಮ ಕಾರವಾರದ 581301ರಂತೆ ಪಿನ್ ಕೋಡುಗಳೆಲ್ಲ ಆರಂಕಿಯವಾದ್ದರಿಂದ, ಗತಪ್ರತ್ಯಾಗತವಾದ ಯಾವ ಪಿನ್ ಕೋಡೂ ಅವಿಭಾಜ್ಯವಾಗಲಾರದು.

ಬೆಲ್ಫೆಗಾರ್ ಸಂಖ್ಯೆಯಲ್ಲಿ ನಡುವೆ 666, ಅದರ ಎರಡೂ ಬದಿಗೆ ಹದಿಮೂರು ಸೊನ್ನೆ, ತುದಿಗಳಲ್ಲಿ 1, ಒಟ್ಟು 31 ಅಂಕಿ. ಹೆಸರು ಒಂದು ಪಿಶಾಚಿಯದು, ಗಣಿತಕ್ಕೆ ಅದರಿಂದ ಲಾಭವೇನಿಲ್ಲ. ಅಂಕಿಗಳ ಮೊತ್ತ 20 ಆದ್ದರಿಂದ 3ರಿಂದ ಭಾಗವಾಗದು. 7ರಿಂದ ಭಾಗಿಸಿದರೆ 4, 11ರಿಂದ 8, 13ರಿಂದ 3 ಶೇಷ ಉಳಿಯುತ್ತದೆ. ಹೀಗೆಯೇ ಭಾಗಿಸುತ್ತ ಹೋದರೆ ವರ್ಗಮೂಲದವರೆಗೆ, ಅಂದರೆ ಸುಮಾರು 1ರ ಮುಂದೆ 15 ಸೊನ್ನೆಗಳವರೆಗೆ ನಡೆಯಬೇಕು. ಅದು ಕೈಯಲ್ಲಿ ಆಗುವ ಕೆಲಸವಲ್ಲ. ಆದರೆ ಈ ಸಂಖ್ಯೆಯಿಂದ 1 ಕಳೆದರೆ ಕೊನೆಯಲ್ಲಿ ಹದಿನಾಲ್ಕು ಸೊನ್ನೆ ಉಳಿಯುತ್ತವೆ, ಎಂದರೆ 2 ಮತ್ತು 5ರ ದೊಡ್ಡ ಘಾತಗಳು ಅಪವರ್ತನಗಳಾಗಿ ಮೊದಲೇ ಕೈಗೆ ಸಿಗುತ್ತವೆ. ಹೀಗೆ ತಿಳಿದ ಭಾಗವು ಮೂಲಸಂಖ್ಯೆಯ ಘನಮೂಲಕ್ಕಿಂತ ದೊಡ್ಡದಾಗಿದ್ದರೆ (ಇಲ್ಲಿ ಹಾಗೆಯೇ ಇದೆ), ಅವಿಭಾಜ್ಯದಿಂದ ಭಾಗಿಸಿದಾಗ ಘಾತಗಳು ಉಳಿಸುವ ಶೇಷದ ಬಗೆಗಿನ ಫರ್ಮಾ ಪ್ರಮೇಯವನ್ನು ಆಧರಿಸಿದ ಕೆಲವೇ ಪರೀಕ್ಷೆಗಳಿಂದ ಅವಿಭಾಜ್ಯತೆಯನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಧಿಸಬಹುದು. ಸಾಧಾರಣ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ.